ಮಾತಾಡಿದರೆ ಜನ ಕೇಳಬೇಕು: ಕೋಲಾರದ ಭಾನುವಾರದ ತರಗತಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದಲ್ಲಿ ಭಾನುವಾರ ಬೆಳಿಗ್ಗೆ ನಾವು ಕೆಲವರು ಸೇರಿ ಮಾತಿನ ತರಗತಿ ನಡೆಸುತ್ತೇವೆ. ಪಂಚಾಯಿತಿ ಸದಸ್ಯರು ಬರುತ್ತಾರೆ. ಸ್ತ್ರೀಶಕ್ತಿ ಸಂಘದ ಅಕ್ಕಂದಿರು, ಡೈರಿ ಕಾರ್ಯದರ್ಶಿಗಳು, ಶಾಲೆ ಮೇಷ್ಟ್ರುಗಳು, ನರಸಾಪುರ ವೇಮಗಲ್ ಕಡೆಯ ಕಾರ್ಖಾನೆಗಳಿಗೆ ಇಂಟರ್‌ವ್ಯೂಗೆ ಹೊರಟ ಹುಡುಗ ಹುಡುಗಿಯರು ಬರುತ್ತಾರೆ. ಮನೆಯಲ್ಲಿ ತಮ್ಮ ಮಾತು ಯಾರೂ ಕೇಳುವುದಿಲ್ಲ ಎಂದು ನೊಂದ ಅಪ್ಪ ಅಮ್ಮಂದಿರೂ ಬರುತ್ತಾರೆ. ಕೆಲಸ ಬೇರೆ, ವಯಸ್ಸು ಬೇರೆ. ಪ್ರಶ್ನೆಗಳು ಮಾತ್ರ ಹೆಚ್ಚುಕಡಿಮೆ ಅವೇ. ಅವಕ್ಕೆ ನಾವು ಕೊಡುವ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇವೆ, ತರಗತಿಗೆ ಬರಲಾಗದವರಿಗೂ ಉಪಯೋಗವಾಗಲಿ ಎಂದು.

ನಾನು ಮಾತು ಶುರು ಮಾಡಿದ ಕೂಡಲೇ ಜನ ಮೊಬೈಲ್ ತೆಗೆಯುತ್ತಾರೆ. ನನ್ನ ದನಿ ಸರಿ ಇಲ್ವಾ?

ದನಿಯ ತೊಂದರೆ ಇರುವವರು ಕಡಿಮೆ. ಹೆಚ್ಚಿನವರು ಎಡವುವುದು ಯಾವುದನ್ನು ಮೊದಲು ಹೇಳಬೇಕು ಎಂಬಲ್ಲಿ.

ಡೈರಿ ಕಾರ್ಯದರ್ಶಿಯೊಬ್ಬರು ಹೀಗೆ ಶುರು ಮಾಡುತ್ತಾರೆ ಅನ್ನಿ: "ಹೋದ ತಿಂಗಳು ಒಂದು ಪತ್ರ ಬಂದಿತ್ತು. ಅದರ ಬಗ್ಗೆ ಮೀಟಿಂಗ್ ಕರೆದಿದ್ದರು. ಅಧ್ಯಕ್ಷರೂ ನಾನೂ ಹೋಗಿದ್ದೆವು. ಅಲ್ಲಿ ಎಲ್ಲ ಸಂಘದವರೂ ಬಂದಿದ್ದರು." ಇಷ್ಟರಲ್ಲಿ ಹಿಂದಿನ ಸಾಲು ಎದ್ದು ಬೀಡಿ ಸೇದಲು ಹೋಗಿರುತ್ತದೆ. ಅದೇ ಮನುಷ್ಯ "ಸೋಮವಾರದಿಂದ ಬೆಳಿಗ್ಗೆ ಹಾಲು ಅರ್ಧ ಗಂಟೆ ಮುಂಚೆ ಹಾಕಬೇಕು, ಯಾಕೆ ಅಂತ ಹೇಳುತ್ತೇನೆ" ಎಂದರೆ ಎಲ್ಲರೂ ಕೂತು ಕೇಳುತ್ತಾರೆ. ಹಸು ಕಟ್ಟಿದವರಿಗೆ ಅದು ಮುಟ್ಟುವ ವಿಷಯ.

ಹೇಳುವವರಿಗೆ ನಡೆದ ಕ್ರಮದಲ್ಲೇ ಹೇಳುವುದು ಸುಲಭ. ಕೇಳುವವರಿಗೆ ಬೇಕಾದದ್ದು "ಇದರಿಂದ ನನಗೇನು ಬದಲಾಗುತ್ತದೆ" ಎನ್ನುವುದು. ಅದಕ್ಕೇ ತರಗತಿಯಲ್ಲಿ ಮೊದಲ ದಿನ ಭಾಷಣ ಮಾಡಿಸುವುದಿಲ್ಲ. ಎದುರಿಗೆ ಕೂತವರು ಯಾರು, ನಿಮ್ಮ ಮಾತು ಕೇಳಿ ಎದ್ದ ಮೇಲೆ ಅವರು ಏನು ಮಾಡಬೇಕು, ಇವೆರಡನ್ನೇ ಬರೆಸುತ್ತೇವೆ. ಎಷ್ಟೋ ಜನರಿಗೆ ಎರಡನೆಯದು ಬರೆಯಲು ಆಗುವುದಿಲ್ಲ. ಅಂಥವರು ಇನ್ನೊಂದಿಷ್ಟು ಯೋಚಿಸಿ ಆಮೇಲೆ ಮಾತಾಡುವುದು ಒಳ್ಳೆಯದು.

ಹಾಗಾದರೆ ಎಲ್ಲ ಕಡೆಯೂ ನೇರವಾಗಿ ವಿಷಯಕ್ಕೆ ಬರಬೇಕಾ?

ಇಲ್ಲ. ಹಿರಿಯರ ಮನೆಗೆ ಹೋಗಿ, ಹೊಸ್ತಿಲಲ್ಲೇ ನಿಂತು "ನಿಮ್ಮ ಹೊಲದ ಬದುವಿನಲ್ಲಿ ನಮಗೆ ದಾರಿ ಬಿಡಿ" ಎಂದರೆ ಕೆಲಸ ಕೆಡುತ್ತದೆ. ನಮ್ಮ ಕಡೆ ಮೊದಲು ಮಳೆ ಬೆಳೆ, ಮಕ್ಕಳು ಮರಿ, ಬೋರ್‌ವೆಲ್‌ನಲ್ಲಿ ನೀರಿದೆಯಾ ಎಂಬ ವಿಚಾರಣೆ. ಆಮೇಲೆ ಕಾಫಿ. ಆಮೇಲೆ ವಿಷಯ. ಇದನ್ನು ಕಾಲಹರಣ ಎನ್ನಬೇಡಿ. "ನಿಮ್ಮನ್ನು ಬರೀ ಕೆಲಸಕ್ಕೆ ಹುಡುಕಿಕೊಂಡು ಬಂದಿಲ್ಲ" ಎಂದು ಹೇಳುವ ಬಗೆ ಅದು. ನೂರು ಜನರ ಸಭೆಗೆ ವಿಷಯ ಮೊದಲು. ಒಬ್ಬರ ಜಗುಲಿ ಮೇಲೆ ಕೂತಾಗ ಮನುಷ್ಯ ಮೊದಲು. ಸಾವಿನ ಸುದ್ದಿ ಹೇಳುವಾಗಲೂ ಅಷ್ಟೆ, ಕೇಳುವವರನ್ನು ಮೊದಲು ಕೂರಿಸಿ.

ನಮ್ಮ ಮನೆಮಾತು ತೆಲುಗು. ಕನ್ನಡ ಮಾತಾಡಿದರೆ ಬೆಂಗಳೂರಿನವರು ನಗುತ್ತಾರೆ. ಏನು ಮಾಡಲಿ?

ಈ ಪ್ರಶ್ನೆ ಬಾರದ ತರಗತಿಯೇ ಇಲ್ಲ. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ, ಚಿಂತಾಮಣಿ ಕಡೆಯವರು ತೆಲುಗಿನ ಕಾರಣಕ್ಕೆ ಕೇಳುತ್ತಾರೆ. ಕೆಜಿಎಫ್‌ನವರು ತಮಿಳಿನ ಕಾರಣಕ್ಕೆ ಕೇಳುತ್ತಾರೆ. ಕೆಲವರಂತೂ ಇದೇ ನಾಚಿಕೆಗೆ ಕಾಲೇಜಿನ ಮೂರು ವರ್ಷವೂ ಬಾಯಿ ಬಿಡದೆ ಕಳೆದಿರುತ್ತಾರೆ. ನೋಡಿದರೆ ಸಂಕಟವಾಗುತ್ತದೆ.

ಮೊದಲಿಗೆ ಒಂದು ವಿಷಯ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರು 1891ರಲ್ಲಿ ಹುಟ್ಟಿದ್ದು ನಮ್ಮ ಮಾಲೂರು ತಾಲ್ಲೂಕಿನಲ್ಲಿ. ಅವರ ಮನೆಮಾತು ತಮಿಳು. 1983ನೇ ಸಾಲಿನ ಜ್ಞಾನಪೀಠ ಪ್ರಶಸ್ತಿ ಬಂದಿದ್ದು ಅವರ ಕನ್ನಡಕ್ಕೆ. ಕೈವಾರದ ಯೋಗಿ ನಾರೇಯಣ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಪದ ಹಾಡಿದವರು. ಈ ಸೀಮೆಯಲ್ಲಿ ಎರಡು ಮೂರು ಭಾಷೆ ಒಂದೇ ನಾಲಿಗೆ ಮೇಲೆ ಇರುವುದು ತಲೆಮಾರುಗಳಿಂದ ನಡೆದು ಬಂದದ್ದು. ಅದಕ್ಕೆ ತಲೆ ತಗ್ಗಿಸಬೇಕಾಗಿಲ್ಲ.

ಇನ್ನು ಕೆಲಸದ ಮಾತು. ರಾಗ ಬೇರೆ, ಸ್ಪಷ್ಟತೆ ಬೇರೆ. ನಿಮ್ಮ ಕನ್ನಡದಲ್ಲಿ ತೆಲುಗಿನ ಎಳೆತ ಇದ್ದರೆ ಇರಲಿ. ಮಂಗಳೂರಿನವರಿಗೂ ಧಾರವಾಡದವರಿಗೂ ಅವರವರ ರಾಗ ಇದೆ. ಜನ ಅದಕ್ಕೆ ಎರಡು ನಿಮಿಷದಲ್ಲಿ ಒಗ್ಗಿಕೊಳ್ಳುತ್ತಾರೆ. ಒಗ್ಗದಿರುವುದು ಅವಸರಕ್ಕೆ. ಎಲ್ಲಿ ಯಾರು ನಗುತ್ತಾರೋ ಎಂಬ ಹೆದರಿಕೆಗೆ ನಾವು ಬೇಗ ಬೇಗ ಹೇಳಿ ಮುಗಿಸಲು ನೋಡುತ್ತೇವೆ. ಆಗ ಅಕ್ಷರ ಅಕ್ಷರಕ್ಕೆ ಅಂಟಿಕೊಂಡು ಏನೂ ತಿಳಿಯದಂತಾಗುತ್ತದೆ. ನಿಧಾನಿಸಿದರೆ ಅರ್ಧ ಕೆಲಸ ಆದಂತೆ.

ಮಹಾಪ್ರಾಣದ ಬಗ್ಗೆಯೂ ಕೇಳುತ್ತಾರೆ. "ಭಾಷಣ" ಅನ್ನಲು ಹೋದರೆ "ಬಾಸಣ" ಆಗುತ್ತದೆ ಸಾರ್, ಅನ್ನುತ್ತಾರೆ. ಕರ್ನಾಟಕದ ಮುಕ್ಕಾಲು ಪಾಲು ಊರುಗಳಲ್ಲಿ ದಿನದ ಮಾತಿನಲ್ಲಿ ಮಹಾಪ್ರಾಣ ಹಗುರವಾಗಿಯೇ ಇರುತ್ತದೆ. ವಾರ್ತೆ ಓದುವ ಕೆಲಸಕ್ಕೆ ಹೋಗುವವರು ಅದನ್ನು ಕೂತು ಕಲಿಯಲೇಬೇಕು. ಪಂಚಾಯಿತಿಯಲ್ಲಿ ನೀರು ಕೇಳುವವರಿಗೆ ಅದು ಅಡ್ಡಿ ಆಗಬಾರದು. ಶ ಮತ್ತು ಸ, ಅ ಮತ್ತು ಹ ಮಾತ್ರ ಸ್ವಲ್ಪ ನಿಗಾ ಕೊಟ್ಟು ಅಭ್ಯಾಸ ಮಾಡಿ. ಪೇಪರಿನ ಒಂದು ಪ್ಯಾರಾವನ್ನು ದಿನಾ ಗಟ್ಟಿಯಾಗಿ ಓದಿದರೆ ಸಾಕು.

ಹೊಸಬರು ನಕ್ಕರೆ? "ನಮ್ಮ ಕಡೆ ಕನ್ನಡ ಹೀಗೇ ಇರುತ್ತೆ" ಎಂದು ಒಂದು ಸಲ ಹೇಳಿ ಮುಂದುವರಿಯಿರಿ. ಕ್ಷಮೆ ಕೇಳಬೇಡಿ. ಮಾತಿನ ಆರಂಭದಲ್ಲೇ "ನನ್ನ ಕನ್ನಡ ಸರಿ ಇಲ್ಲ, ತಪ್ಪಿದ್ದರೆ ಕ್ಷಮಿಸಿ" ಎಂದರೆ ಕೇಳುವವರು ವಿಷಯ ಬಿಟ್ಟು ತಪ್ಪು ಹುಡುಕಲು ಕೂರುತ್ತಾರೆ.

"ಏನಂದ್ರಿ? ಇನ್ನೊಂದು ಸಲ ಹೇಳಿ" ಅಂತ ಎಲ್ಲರೂ ಕೇಳುತ್ತಾರೆ. ಇನ್ನೂ ಜೋರಾಗಿ ಮಾತಾಡಬೇಕಾ?

ಜೋರು ಮಾಡುವ ಮುಂಚೆ ಕೊನೆಯನ್ನು ಸರಿ ಮಾಡಿಕೊಳ್ಳಿ. ಕನ್ನಡದಲ್ಲಿ ವಾಕ್ಯದ ಜೀವ ಇರುವುದು ಕೊನೆಯಲ್ಲಿ. ಆಯಿತಾ ಆಗಲಿಲ್ಲವಾ, ಕೊಟ್ಟರಾ ಕೊಡಲಿಲ್ಲವಾ, ಬರುತ್ತಾರಾ ಬರುವುದಿಲ್ಲವಾ, ಎಲ್ಲ ಕೊನೆಯ ಪದದಲ್ಲೇ ಗೊತ್ತಾಗಬೇಕು. ನಾವು ಮಾಡುವುದು ಉಲ್ಟಾ. ದೊಡ್ಡ ಉಸಿರಲ್ಲಿ ಶುರು ಮಾಡಿ, ಕೊನೆಗೆ ಬರುವಷ್ಟರಲ್ಲಿ ಉಸಿರು ಖಾಲಿ. "ಆ ಬೋರ್‌ವೆಲ್‌ಗೆ ಇನ್ನೂ ಕರೆಂಟ್ ಕನೆಕ್ಷನ್ ಕೊಟ್ಟಿ..." ಅಷ್ಟಕ್ಕೇ ದನಿ ಇಳಿದುಹೋಗುತ್ತದೆ. ಕೊಟ್ಟಿದ್ದಾರಾ? ಕೊಟ್ಟಿಲ್ಲವಾ? ಮೊದಲಿನ ನಾಲ್ಕೈದು ಪದ ಕೇಳಿಸಿಕೊಂಡವರಿಗೂ ಏನೂ ಸಿಗಲಿಲ್ಲ.

ಕೋಲಾರ ಎಪಿಎಂಸಿಯ ಟೊಮೆಟೊ ಮಂಡಿಯಲ್ಲಿ ಹರಾಜು ಕೂಗುವವರನ್ನು ಒಂದು ಬೆಳಿಗ್ಗೆ ಗಮನಿಸಿ. ಲಾರಿ ಸದ್ದು, ಬಾಕ್ಸ್ ಎತ್ತಿ ಇಳಿಸುವ ಸದ್ದು, ನೂರಾರು ಜನರ ಗಲಾಟೆ. ಅದರ ಮಧ್ಯೆ 15 ಕೆಜಿ ಬಾಕ್ಸಿನ ಬೆಲೆ ರೈತನಿಗೂ ವ್ಯಾಪಾರಿಗೂ ಕೇಳಬೇಕು. ಕೊನೆಯ ಅಕ್ಷರ ನುಂಗಿದರೆ ಅಲ್ಲಿ ಜಗಳವೇ ಆಗುತ್ತದೆ. ಅದಕ್ಕೇ ಅವರು ಬೆಲೆಯನ್ನು ಕೊನೆವರೆಗೂ ತುಂಬಿ ಹೇಳುತ್ತಾರೆ.

ಅಭ್ಯಾಸ ಹೀಗೆ: ಹೊಟ್ಟೆ ಮೇಲೆ ಕೈ ಇಟ್ಟು ಉಸಿರು ಎಳೆಯಿರಿ. ಹೊಟ್ಟೆ ಮುಂದಕ್ಕೆ ಬರಬೇಕು, ಭುಜ ಮೇಲೆ ಹೋಗಬಾರದು. ಚಿಕ್ಕ ವಾಕ್ಯ ಹೇಳಿ. ಕೊನೆಯ ಪದ ಹೇಳಿದ ಮೇಲೂ ಸ್ವಲ್ಪ ಉಸಿರು ಮಿಕ್ಕಿರಬೇಕು. ಮಿಗದಿದ್ದರೆ ವಾಕ್ಯ ಉದ್ದ ಆಯಿತು ಎಂದರ್ಥ, ಮುರಿದು ಎರಡು ಮಾಡಿ. ತುಮಕೂರು ಜಿಲ್ಲೆಯ ಗುಬ್ಬಿ ಕಂಪನಿ 1884ರಲ್ಲಿ ಶುರುವಾದಾಗ ನಾಟಕದವರಿಗೆ ಮೈಕ್ ಇರಲಿಲ್ಲ. ಹಿಂದಿನ ಸಾಲಿಗೆ ಮಾತು ಮುಟ್ಟಿಸಲು ಅವರಿಗೆ ಇದ್ದದ್ದು ಉಸಿರೇ.

ಮಾತಿನ ಮಧ್ಯೆ "ಬಂದ್ಬಿಟ್ಟು", "ಅದೇನಂದ್ರೆ" ಬಂದೇ ಬರುತ್ತದೆ. ಬಿಡುವುದು ಹೇಗೆ?

"ನಾನ್ ಬಂದ್ಬಿಟ್ಟು ಕೋಲಾರದವನು, ನಮ್ಮಪ್ಪ ಬಂದ್ಬಿಟ್ಟು ರೈತರು." ಇದು ನಮ್ಮ ಸೀಮೆಯ ಸಹಿ ಅಂತಲೇ ಹೇಳಬಹುದು. ಈಗಿನ ಹುಡುಗರಲ್ಲಿ ಅದರ ಜಾಗಕ್ಕೆ "ಆಕ್ಚುಲಿ", "ಬೇಸಿಕಲಿ" ಬಂದಿವೆ. ಮುಂದಿನ ಪದ ಹುಡುಕುವಾಗ ಬಾಯಿ ಖಾಲಿ ಬಿಡಲು ಹೆದರಿ ಇವನ್ನು ತುಂಬುತ್ತೇವೆ. ಅಲ್ಲೊಂದು ಇಲ್ಲೊಂದು ಬಂದರೆ ಏನೂ ಆಗುವುದಿಲ್ಲ, ಮಾತು ಮಾತಿನ ಹಾಗೆ ಇರುತ್ತದೆ. ಪ್ರತಿ ವಾಕ್ಯದಲ್ಲೂ ಬಂದರೆ ಕೇಳುವವರು ಅದನ್ನೇ ಎಣಿಸಲು ಶುರು ಮಾಡುತ್ತಾರೆ. ಬಿಡಿಸುವ ದಾರಿ ಒಂದೇ. ಆ ಜಾಗದಲ್ಲಿ ಬಾಯಿ ಮುಚ್ಚಿ, ಸುಮ್ಮನೆ ಇರಿ. ನಿಮಗೆ ಆ ಮೌನ ತುಂಬಾ ಉದ್ದ ಅನ್ನಿಸುತ್ತದೆ. ರೆಕಾರ್ಡ್ ಮಾಡಿ ಕೇಳಿದರೆ ಒಂದು ಸೆಕೆಂಡೂ ಇರುವುದಿಲ್ಲ.

ನಿಂತು ಮಾತಾಡುವಾಗ ಕೈಕಾಲು ನಡುಗುತ್ತದೆ. ಎಲ್ಲರಿಗೂ ಕಾಣಿಸುತ್ತದಲ್ಲಾ?

ನಿಮಗೆ ಅನ್ನಿಸುವಷ್ಟು ಕಾಣಿಸುವುದಿಲ್ಲ. ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೋವಿಚ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 2003ರಲ್ಲಿ ಇದನ್ನು ಪರೀಕ್ಷಿಸಿದ ವರದಿ ಪ್ರಕಟಿಸಿದರು. ಮಾತಾಡಿದವರು ತಮ್ಮ ಹೆದರಿಕೆ ಎದ್ದು ಕಾಣುತ್ತಿದೆ ಎಂದುಕೊಂಡಿದ್ದರು. ಕೇಳಿದವರಿಗೆ ಅಷ್ಟು ಕಂಡಿರಲಿಲ್ಲ. ಇನ್ನೂ ಒಳ್ಳೆಯ ಭಾಗ ಮುಂದಿದೆ. "ನಿಮ್ಮ ಹೆದರಿಕೆ ಹೊರಗೆ ಅಷ್ಟಾಗಿ ಕಾಣುವುದಿಲ್ಲ" ಎಂದು ಮೊದಲೇ ತಿಳಿಸಿದವರು ಉಳಿದವರಿಗಿಂತ ಚೆನ್ನಾಗಿಯೇ ಮಾತಾಡಿದರು. ಅದಕ್ಕೇ ಇಲ್ಲಿ ನಿಮಗೂ ತಿಳಿಸುತ್ತಿದ್ದೇವೆ.

ಎದ್ದು ನಿಲ್ಲುವ ಮುಂಚೆ ನಾಲ್ಕೈದು ಸಲ ನಿಧಾನವಾಗಿ ಉಸಿರು ಬಿಡಿ. ಎಳೆದುಕೊಂಡದ್ದಕ್ಕಿಂತ ಬಿಡುವುದು ಉದ್ದ ಇರಲಿ. ಉಸಿರು ಬಿಡುವಾಗ ಎದೆಬಡಿತ ಸ್ವಲ್ಪ ಇಳಿಯುತ್ತದೆ, ಅದು ದೇಹದ ಗುಣ. ಮೊದಲ ಎರಡು ವಾಕ್ಯ ಬಾಯಿಪಾಠ ಇರಲಿ, ಉಳಿದದ್ದು ಬೇಡ. ಪೂರ್ತಿ ಬಾಯಿಪಾಠ ಮಾಡಿದವರು ಒಂದು ಪದ ಮರೆತರೆ ಅಲ್ಲೇ ನಿಂತುಬಿಡುತ್ತಾರೆ. ಕೈಯಲ್ಲಿ ಹಾಳೆ ಹಿಡಿದರೆ ನಡುಕ ಎದ್ದು ಕಾಣುತ್ತದೆ. ದಪ್ಪ ಕಾಗದದ ಚಿಕ್ಕ ಚೀಟಿ ಇಟ್ಟುಕೊಳ್ಳಿ.

ಮಾತಿನಲ್ಲಿ ಪದಗಳ ಪಾಲು ಬರೀ ಶೇಕಡಾ 7, ಉಳಿದ 93 ದನಿ ಮತ್ತು ಹಾವಭಾವ ಅಂತ ಟ್ರೈನಿಂಗ್‌ನಲ್ಲಿ ಹೇಳಿಕೊಟ್ಟರು. ನಿಜವಾ?

ಹಾಗೆ ಹೇಳುವುದು ತಪ್ಪು. ಆ ಅಂಕಿ ಬಂದಿದ್ದು ಆಲ್ಬರ್ಟ್ ಮೆಹ್ರಾಬಿಯನ್ ಎಂಬವರು 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ. ಅವರು ನೋಡಿದ್ದು ಬಹಳ ಚಿಕ್ಕ ವಿಷಯ. ಒಬ್ಬರು ಒಂದು ಪದ ಹೇಳುತ್ತಾರೆ. ಪದದ ಭಾವ ಒಂದು, ಮುಖ ಅಥವಾ ದನಿಯ ಭಾವ ಇನ್ನೊಂದು. ಆಗ ಕೇಳುವವರು ಇವರಿಗೆ ಇಷ್ಟ ಇದೆಯೋ ಇಲ್ಲವೋ ಎಂದು ಯಾವುದರಿಂದ ಊಹಿಸುತ್ತಾರೆ ಎಂಬುದಷ್ಟೇ ಪ್ರಶ್ನೆ. ಇಡೀ ಭಾಷಣಕ್ಕೆ ಇದನ್ನು ಅಂಟಿಸಬಾರದು ಎಂದು ಮೆಹ್ರಾಬಿಯನ್ ಅವರೇ ಹೇಳಿದ್ದಾರೆ. ಯೋಚಿಸಿ ನೋಡಿ. ಬೆಳೆವಿಮೆಗೆ ಕೊನೆಯ ದಿನ ಯಾವುದು ಎಂದು ಬರೀ ಹಾವಭಾವದಿಂದ ಹೇಳಲು ಆಗುತ್ತದಾ?

"ಪರವಾಗಿಲ್ಲ ಬಿಡಿ" ಎಂದು ಮುಖ ಗಂಟಿಕ್ಕಿ ಹೇಳಿದರೆ ಜನ ಮುಖವನ್ನೇ ನಂಬುತ್ತಾರೆ. ಆ ಪ್ರಯೋಗದಿಂದ ನಾವು ಕಲಿಯಬೇಕಾದದ್ದು ಅಷ್ಟೆ. ಅದಕ್ಕಾಗಿ ಪದಗಳನ್ನು ಕಡೆಗಣಿಸುವುದನ್ನು ಕಲಿಸಿದರೆ ಮಕ್ಕಳಿಗೆ ಅನ್ಯಾಯ.

ನನಗೆ ವಿಷಯ ಚೆನ್ನಾಗಿ ಗೊತ್ತು. ಆದರೂ ಜನಕ್ಕೆ ಅರ್ಥ ಆಗುವುದಿಲ್ಲ.

ಚೆನ್ನಾಗಿ ಗೊತ್ತಿರುವುದೇ ಕೆಲವೊಮ್ಮೆ ಅಡ್ಡಿ. 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಎಂಬ ಸಂಶೋಧಕಿ ಒಂದು ಪ್ರಯೋಗ ಮಾಡಿದರು. ಕೆಲವರು ಎಲ್ಲರಿಗೂ ಗೊತ್ತಿರುವ ಹಾಡಿನ ತಾಳವನ್ನು ಮೇಜಿನ ಮೇಲೆ ಬೆರಳಿಂದ ಬಡಿಯಬೇಕು. ಎದುರಿನವರು ಹಾಡು ಯಾವುದು ಎಂದು ಹೇಳಬೇಕು. ಬಡಿದವರು ಅರ್ಧದಷ್ಟನ್ನಾದರೂ ಗುರುತಿಸುತ್ತಾರೆ ಎಂದುಕೊಂಡಿದ್ದರು. 120 ಹಾಡುಗಳಲ್ಲಿ ಗುರುತಿಸಿದ್ದು 3. ಬಡಿಯುವವರ ತಲೆಯಲ್ಲಿ ಹಾಡು ಪೂರ್ತಿ ಓಡುತ್ತಿತ್ತು. ಎದುರಿನವರಿಗೆ ಕೇಳಿದ್ದು ಟಕ್ ಟಕ್ ಮಾತ್ರ.

ನಮ್ಮ ಜಿಲ್ಲೆಯದೇ ಉದಾಹರಣೆ ತೆಗೆದುಕೊಳ್ಳಿ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ. ಇದರ ಬಗ್ಗೆ ಊರಲ್ಲಿ ಮಾತಾಡುವ ಎಂಜಿನಿಯರ್ "ದ್ವಿತೀಯ ಹಂತದ ಸಂಸ್ಕರಣೆ", "ಅಂತರ್ಜಲ ಮರುಪೂರಣ" ಎನ್ನುತ್ತಾರೆ. ಅವರ ತಲೆಯಲ್ಲಿ ಪೂರ್ತಿ ಚಿತ್ರ ಇದೆ. ಜಗುಲಿ ಮೇಲಿನ ತಾತನಿಗೆ ಬೇಕಿರುವುದು ಬೇರೆ: ಈ ನೀರು ಕುಡಿಯಬಹುದಾ? ದನಕ್ಕೆ ಕುಡಿಸಬಹುದಾ? ನಮ್ಮ ಬೋರ್‌ವೆಲ್‌ಗೆ ನೀರು ಬರುತ್ತದಾ? ಅಲ್ಲಿಂದ ಶುರು ಮಾಡಬೇಕು. "ಇದು ಕುಡಿಯುವ ನೀರಲ್ಲ ತಾತ. ಕೆರೆಯಲ್ಲಿ ನಿಂತು, ಮಣ್ಣಿನೊಳಗೆ ಇಳಿದು, ಬಾವಿ ಬೋರ್‌ವೆಲ್‌ಗಳಲ್ಲಿ ನೀರು ಏರಲಿ ಅಂತ ಬಿಡುವುದು." ಯೋಜನೆ ಸರಿಯಾ ತಪ್ಪಾ ಎಂಬ ವಾದ ಆಮೇಲೆ. ಅರ್ಥವಾದ ಮೇಲೆ ತಾತನೇ ವಾದಕ್ಕೆ ಇಳಿಯುತ್ತಾರೆ, ಇಳಿಯಲಿ.

ಹೇಳುವುದನ್ನೆಲ್ಲ ಮೊದಲು ಮನೆಯಲ್ಲಿ, ಆ ವಿಷಯ ಗೊತ್ತಿಲ್ಲದ ಒಬ್ಬರ ಮುಂದೆ ಹೇಳಿ ನೋಡಿ. "ಅರ್ಥ ಆಯ್ತಾ" ಎಂದು ಕೇಳಬೇಡಿ. ನಮ್ಮಲ್ಲಿ ಎಲ್ಲರೂ ಮುಲಾಜಿಗೆ ಹೂಂ ಅನ್ನುತ್ತಾರೆ. "ನಾನು ಹೇಳಿದ್ದನ್ನು ಪಕ್ಕದ ಮನೆಯವರಿಗೆ ಹೇಗೆ ಹೇಳ್ತೀರಿ" ಎಂದು ಕೇಳಿ.

ನಾನು ಪಂಚಾಯಿತಿ ಸದಸ್ಯೆ. ಸಭೆಯಲ್ಲಿ ಬಾಯಿ ತೆಗೆದರೆ ಮಧ್ಯದಲ್ಲೇ ತಡೆಯುತ್ತಾರೆ.

ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು. ಕುರ್ಚಿ ಕಾನೂನಿನಿಂದ ಬಂತು. ಮಾತಾಡುವ ಅವಕಾಶವನ್ನು ಮಾತ್ರ ಪ್ರತಿ ಸಭೆಯಲ್ಲೂ ಹೋರಾಡಿ ಪಡೆಯಬೇಕಾಗಿದೆ. ಎಷ್ಟೋ ಕಡೆ ಗೆದ್ದವರು ಹೆಂಡತಿ, ಮಾತಾಡುವವರು ಗಂಡ. ಇದನ್ನು ನೋಡಿ ನಮಗೆ ಕೋಪ ಬರುತ್ತದೆ. ಹಾಗಾಗಿ ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

ಸಭೆಯ ಮುಂಚೆ ಇಬ್ಬರ ಹತ್ತಿರ ಮಾತಾಡಿಕೊಳ್ಳಿ. ಒಬ್ಬಳೇ ಎದ್ದರೆ ಕೂರಿಸುವುದು ಸುಲಭ. "ಅಕ್ಕ ಹೇಳಿದ್ದು ಸರಿ, ಅವರ ಮಾತು ಮುಗಿಯಲಿ" ಎಂದು ಇನ್ನೊಬ್ಬರು ಹೇಳಿದರೆ ಚಿತ್ರವೇ ಬದಲಾಗುತ್ತದೆ. ಇದು ಸಂಚಲ್ಲ. ಗಂಡಸರು ಟೀ ಅಂಗಡಿಯಲ್ಲಿ ದಿನಾ ಮಾಡುವುದು ಇದನ್ನೇ.

ಬೇಡಿಕೆಯನ್ನು ಮೊದಲ ವಾಕ್ಯದಲ್ಲೇ ಹೇಳಿ. "ಕೆಳಗಿನ ಬೀದಿಗೆ ನಾಲ್ಕು ದೀಪ ಬೇಕು." ಆಮೇಲೆ ಕಾರಣ. ಮಧ್ಯದಲ್ಲಿ ತಡೆದರೂ ಬೇಡಿಕೆ ಎಲ್ಲರ ಕಿವಿಗೆ ಬಿದ್ದಾಗಿರುತ್ತದೆ.

ಯಾರಾದರೂ ಅಡ್ಡ ಬಂದರೆ ದನಿ ಏರಿಸಬೇಡಿ. ನಿಲ್ಲಿಸಲೂ ಬೇಡಿ. ಅವರ ಮುಖ ನೋಡಿ, "ಅಣ್ಣ, ನನ್ನದು ಇನ್ನೆರಡು ಮಾತಿದೆ, ಮುಗಿಸಿಬಿಡ್ತೀನಿ" ಎಂದು ಬಿಟ್ಟಲ್ಲಿಂದಲೇ ಮುಂದುವರಿಯಿರಿ. ಅಣ್ಣ ಎಂದು ಕರೆದ ಮೇಲೆ ಒರಟಾಗಿ ಉತ್ತರಿಸುವುದು ನಮ್ಮ ಊರುಗಳಲ್ಲಿ ಅಷ್ಟು ಸುಲಭವಲ್ಲ. ಅದೇ ದನಿಯಲ್ಲಿ ಎರಡು ಮೂರು ಸಲ ಹೇಳಿದರೂ ಚಿಂತೆಯಿಲ್ಲ.

ಕೊನೆಗೆ ನಡಾವಳಿ. ಮಾತು ಗಾಳಿಗೆ ಹೋಗುತ್ತದೆ, ಪುಸ್ತಕದಲ್ಲಿ ಬರೆದದ್ದು ಉಳಿಯುತ್ತದೆ. "ನನ್ನ ಬೇಡಿಕೆಯನ್ನು ನಡಾವಳಿಯಲ್ಲಿ ಬರೆಯಿರಿ, ಬರೆದದ್ದು ಓದಿ ಹೇಳಿ" ಎಂದು ಪಿಡಿಓ ಅವರನ್ನು ಕೇಳಿ. ಓದುವಾಗ ಇಡೀ ಸಭೆ ನಿಮ್ಮ ಮಾತನ್ನು ಎರಡನೇ ಸಲ ಕೇಳುತ್ತದೆ. ಸಹಿ ಹಾಕುವ ಮುಂಚೆ ನೋಡಿ.

ಸ್ವಾಗತ ಭಾಷಣ ಕೊಟ್ಟಿದ್ದಾರೆ. ವೇದಿಕೆ ಮೇಲೆ ಹದಿನೈದು ಜನ ಇದ್ದಾರೆ. ಎಲ್ಲರ ಹೆಸರೂ ಹೇಳಲೇಬೇಕಾ?

ಸ್ವಾಗತಿಸುವವರು ಹೇಳಲೇಬೇಕು. ಬಿಟ್ಟುಹೋದವರ ಮುಖ ಆಮೇಲೆ ನೋಡಲು ಆಗುವುದಿಲ್ಲ. ಆದರೆ ಒಬ್ಬೊಬ್ಬರಿಗೆ ಐದೈದು ಬಿರುದು ಬೇಡ. ಹೆಸರು, ಹುದ್ದೆ, ಒಂದು ನಿಜವಾದ ಮಾತು ಸಾಕು. "ನಮ್ಮ ಶಾಲೆಗೆ ಬೆಂಚು ಕೊಡಿಸಿದವರು" ಎಂದರೆ ಸಭೆ ತಾನಾಗಿ ಚಪ್ಪಾಳೆ ತಟ್ಟುತ್ತದೆ. ಹೆಸರಿನ ಉಚ್ಚಾರಣೆ ಮೊದಲೇ ಕೇಳಿಟ್ಟುಕೊಳ್ಳಿ.

ಆಮೇಲೆ ಮಾತಾಡುವವರು ಪ್ರತಿಯೊಬ್ಬರೂ ಆ ಪಟ್ಟಿಯನ್ನು ಮತ್ತೆ ಓದುವುದು ಮಾತ್ರ ಕೇಳುವವರಿಗೆ ಶಿಕ್ಷೆ. "ವೇದಿಕೆ ಮೇಲಿರುವ ಹಿರಿಯರಿಗೆ, ಎದುರಿಗಿರುವ ಎಲ್ಲರಿಗೂ ನಮಸ್ಕಾರ" ಎಂದರೆ ಯಾರಿಗೂ ಅವಮಾನವಿಲ್ಲ.

ಮೈಕ್ ಬಾಯಿಗೆ ಒಂದು ಗೇಣಿಗಿಂತ ಸ್ವಲ್ಪ ಹತ್ತಿರ ಇರಲಿ. ಊದಿ ನೋಡಬೇಡಿ, ತಟ್ಟಿ ನೋಡಬೇಡಿ. ಮೈಕ್ ಹಿಡಿದು ಸ್ಪೀಕರ್ ಬಾಕ್ಸಿನ ಮುಂದೆ ಹೋದರೆ ಕೀಂಯ್ ಅನ್ನುತ್ತದೆ. ಬಾಕ್ಸಿನ ಶಬ್ದ ಮೈಕಿಗೇ ವಾಪಸ್ ಹೋಗಿ ಸುತ್ತುವುದರಿಂದ ಹಾಗಾಗುತ್ತದೆ. ಬಾಕ್ಸ್ ನಿಮಗಿಂತ ಮುಂದೆ ಇರುವಂತೆ ನಿಲ್ಲಿ.

ಮಗ ಪಿಯುಸಿ. ನನ್ನ ಒಂದು ಮಾತೂ ಕೇಳುವುದಿಲ್ಲ.

ಒಂದು ವಾರ ನೀವು ಅವನಿಗೆ ಹೇಳಿದ್ದನ್ನೆಲ್ಲ ನೆನಪು ಮಾಡಿಕೊಳ್ಳಿ. ಏಳು, ಓದು, ಮೊಬೈಲ್ ಇಡು, ಅವನ ಜೊತೆ ಸೇರಬೇಡ. ಅದರಲ್ಲಿ ಆಜ್ಞೆ ಅಲ್ಲದ ಮಾತು ಎಷ್ಟಿತ್ತು? ದಿನಾ ಬರೀ ಆಜ್ಞೆ ಬರುವ ಕಡೆಗೆ ಕಿವಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಗಂಡ ಹೆಂಡತಿ ನಡುವೆಯೂ ಹೀಗೇ.

ಇನ್ನೊಂದು ವಿಷಯ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪ್ರಪಂಚದ 10 ಭಾಷೆಗಳ ಮಾತುಕತೆ ಅಳೆದು ನೋಡಿದರು. ಒಬ್ಬರು ಮುಗಿಸಿ ಇನ್ನೊಬ್ಬರು ಶುರು ಮಾಡುವ ನಡುವಿನ ಬಿಡುವು ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದಷ್ಟು. ಅಷ್ಟರಲ್ಲಿ ಉತ್ತರ ಹೊಳೆಯುವುದಿಲ್ಲ. ಎದುರಿನವರು ಮಾತಾಡುತ್ತಿರುವಾಗಲೇ ನಾವು ಉತ್ತರ ಕಟ್ಟುತ್ತಿರುತ್ತೇವೆ. ಮಾಮೂಲಿ ಮಾತಿಗೆ ಇದು ಸರಿ. ಮಗ ಅಪರೂಪಕ್ಕೆ ಬಾಯಿಬಿಟ್ಟು "ನಂಗೆ ಸೈನ್ಸ್ ಆಗ್ತಿಲ್ಲಪ್ಪ" ಎಂದಾಗ ಮಾತ್ರ ಉತ್ತರ ಕಟ್ಟಬೇಡಿ. ಅವನು ಹೇಳಿ ಮುಗಿಸಿದ ಮೇಲೂ ಸ್ವಲ್ಪ ಸುಮ್ಮನಿರಿ. ಬಹಳ ಸಲ ನಿಜವಾದ ವಿಷಯ ಆ ಬಿಡುವಿನ ನಂತರ ಹೊರಬರುತ್ತದೆ. ಅವನದ್ದನ್ನು ಪೂರ್ತಿ ಕೇಳಿದ ದಿನ, ನಿಮ್ಮದನ್ನು ಅವನು ಸ್ವಲ್ಪವಾದರೂ ಕೇಳುತ್ತಾನೆ.

ನಾನು ಶಿಕ್ಷಕಿ. ಪ್ರಶ್ನೆ ಕೇಳಿದರೆ ಮಕ್ಕಳು ಉತ್ತರವೇ ಕೊಡುವುದಿಲ್ಲ.

ಕಾಯುತ್ತೀರಾ? ಮೇರಿ ಬಡ್ ರೋ ಎಂಬ ಶಿಕ್ಷಣ ತಜ್ಞೆ 1970ರ ದಶಕದಲ್ಲಿ ತೋರಿಸಿದ ಪ್ರಕಾರ ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡೂ ಕಾಯುವುದಿಲ್ಲ. ಅದನ್ನು 3 ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ. ಮನೆಯಲ್ಲಿ ತೆಲುಗು, ತಮಿಳು, ಉರ್ದು ಆಡುವ ಮಕ್ಕಳಿಗೆ ಇನ್ನೂ ಸ್ವಲ್ಪ ಜಾಸ್ತಿ ಕೊಡಿ.

ಅತ್ತೆಗೆ ಕಿವಿ ಮಂದ. ಕಿರುಚಿ ಕಿರುಚಿ ಸಾಕಾಗಿದೆ.

ಕಿರುಚಿದರೆ ದನಿ ಕೀರಲಾಗುತ್ತದೆ. ವಯಸ್ಸಾದಾಗ ಮೊದಲು ಕೇಳಿಸದಂತೆ ಆಗುವುದು ಆ ಕೀರಲು ಸ್ವರಗಳೇ. ಸ, ಶ, ಫ ಥರದ ಅಕ್ಷರಗಳು ಮೊದಲು ಜಾರಿ ಹೋಗುತ್ತವೆ. ಎದುರಿಗೆ ಬಂದು, ಬೆಳಕಿನಲ್ಲಿ ನಿಂತು, ಟಿವಿ ಆರಿಸಿ, ದನಿ ಸ್ವಲ್ಪ ತಗ್ಗಿಸಿ ನಿಧಾನವಾಗಿ ಹೇಳಿ. "ಅತ್ತೆ" ಎಂದು ಮೊದಲು ಕರೆದು, ಅವರು ತಿರುಗಿದ ಮೇಲೆ ವಿಷಯ ಹೇಳಿ. ಅಡುಗೆಮನೆಯಿಂದ ಕೂಗಬೇಡಿ.

ಚೆನ್ನಾಗಿ ಮಾತಾಡುವವರನ್ನು ಕಂಡರೆ ಜನಕ್ಕೆ ಅನುಮಾನ. ನಮ್ಮನ್ನೂ ಹಾಗೇ ಅಂದುಕೊಂಡರೆ?

ಆ ಅನುಮಾನ ಸುಮ್ಮನೆ ಬಂದಿಲ್ಲ. ಚೀಟಿ ವ್ಯವಹಾರ, ಸೈಟು, ದುಪ್ಪಟ್ಟು ಬಡ್ಡಿ ಅಂತ ಸಿಹಿಯಾಗಿ ಮಾತಾಡಿದವರ ಕೈಲಿ ದುಡ್ಡು ಕಳೆದುಕೊಂಡ ಮನೆಗಳು ಪ್ರತಿ ಊರಲ್ಲೂ ಇವೆ. ಅಂಥ ಮಾತನ್ನು ಕಲಿಸುವುದು ನಮ್ಮ ಕೆಲಸ ಅಲ್ಲ. ನಿಮ್ಮನ್ನು ಬೇರೆಯಾಗಿ ತೋರಿಸುವುದು ಎರಡು ವಿಷಯ. ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ, ಕೇಳಿಕೊಂಡು ಬಂದು ಹೇಳ್ತೀನಿ" ಅನ್ನಿ, ಮತ್ತೆ ನಿಜವಾಗಿಯೂ ಬಂದು ಹೇಳಿ. ಲಾಭದ ಜೊತೆಗೆ ನಷ್ಟವನ್ನೂ ನೀವೇ ಮೊದಲು ಹೇಳಿ. ರೇಷ್ಮೆಗೆ ಇಳಿಯಿರಿ ಎಂದು ಹೇಳುವವರು ಗೂಡಿನ ರೇಟು ಬಿದ್ದ ದಿನಗಳ ಬಗ್ಗೆಯೂ ಹೇಳಬೇಕು. ಇಲ್ಲದಿದ್ದರೆ ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಿಬಂದ ಯಾರೋ ಒಬ್ಬರು ಹೇಳೇ ಹೇಳುತ್ತಾರೆ. ಅಲ್ಲಿಗೆ ನಿಮ್ಮ ಮಾತು ಮುಗಿಯಿತು.

ಎದುರಿಗೆ ಇಲ್ಲದವರ ಬಗ್ಗೆ ಆಡಿಕೊಳ್ಳುವುದೂ ಹೀಗೇ. ಆ ಕ್ಷಣಕ್ಕೆ ಎಲ್ಲರೂ ಕಿವಿಗೊಡುತ್ತಾರೆ. ಮನೆಗೆ ಹೋಗುವಾಗ "ನಾಳೆ ನನ್ನ ಬಗ್ಗೆಯೂ ಹೀಗೇ ಆಡುತ್ತಾರೆ" ಎಂದುಕೊಳ್ಳುತ್ತಾರೆ.

ಇಂಟರ್‌ವ್ಯೂನಲ್ಲಿ "ನಿಮ್ಮ ಬಗ್ಗೆ ಹೇಳಿ" ಅಂದರೆ ಏನು ಹೇಳಬೇಕು?

ಅಪ್ಪನ ಹೆಸರು, ಊರು, ಹವ್ಯಾಸ ಅಂತ ಶುರು ಮಾಡಬೇಡಿ. ಅದು ಅರ್ಜಿಯಲ್ಲಿ ಇದೆ. ಏನು ಓದಿದ್ದೀರಿ, ಕೈಯಿಂದ ಏನು ಮಾಡಿದ್ದೀರಿ, ಈ ಕೆಲಸಕ್ಕೆ ಅದು ಹೇಗೆ ಬರುತ್ತದೆ. ಒಂದು ನಿಮಿಷ ಸಾಕು. ಐಟಿಐ ಮುಗಿಸಿದ ಹುಡುಗ "ಊರಿನ ಪಂಪ್‌ಸೆಟ್ ಮೋಟಾರ್ ರಿಪೇರಿಗೆ ನನ್ನನ್ನೇ ಕರೆಯುತ್ತಾರೆ" ಎಂದರೆ, "ಐ ಆಮ್ ಹಾರ್ಡ್ ವರ್ಕಿಂಗ್" ಎನ್ನುವುದಕ್ಕಿಂತ ಎಷ್ಟೋ ಪಾಲು ಮೇಲು. ಇಂಗ್ಲಿಷ್ ತಡವರಿಸಿದರೆ "ಕನ್ನಡದಲ್ಲಿ ಹೇಳಬಹುದಾ ಸಾರ್" ಎಂದು ಕೇಳಿ ನೋಡಿ.

ತರಗತಿಗೆ ಬರಲು ಆಗುವುದಿಲ್ಲ. ಮನೆಯಲ್ಲೇ ಕಲಿಯಬಹುದಾ?

ಖಂಡಿತ. ಮೊಬೈಲಿನಲ್ಲಿ ಎರಡು ನಿಮಿಷ ಮಾತಾಡಿ ರೆಕಾರ್ಡ್ ಮಾಡಿ. ವಿಷಯ ಯಾವುದಾದರೂ ಆಗಲಿ, ಇವತ್ತಿನ ಮಂಡಿ ರೇಟಾದರೂ ಸರಿ. ಮೊದಲ ಸಲ ಕೇಳಿದಾಗ "ಇದು ನನ್ನ ದನಿಯೇ ಅಲ್ಲ" ಅನ್ನಿಸುತ್ತದೆ. ಗಾಬರಿ ಬೇಡ. ನಮ್ಮ ದನಿ ನಮಗೆ ತಲೆಬುರುಡೆಯ ಮೂಳೆಯ ಮೂಲಕವೂ ಕೇಳಿಸುತ್ತದೆ, ಅದಕ್ಕೆ ದಪ್ಪ ಅನ್ನಿಸುತ್ತದೆ. ಊರಿನವರು ಇಷ್ಟು ದಿನ ಕೇಳುತ್ತಿದ್ದದ್ದು ಈ ರೆಕಾರ್ಡಿನ ದನಿಯನ್ನೇ. ಕೇಳುವಾಗ ಒಂದು ದಿನ ವಾಕ್ಯದ ಕೊನೆ ಮಾತ್ರ ಗಮನಿಸಿ. ಇನ್ನೊಂದು ದಿನ "ಬಂದ್ಬಿಟ್ಟು" ಮಾತ್ರ. ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೋದರೆ ಬಾಯೇ ಕಟ್ಟಿಹೋಗುತ್ತದೆ.

ಹಾಗೆಯೇ ವಾಟ್ಸಾಪ್‌ನಲ್ಲಿ ನಾಲ್ಕು ನಿಮಿಷದ ವಾಯ್ಸ್ ಮೆಸೇಜ್ ಕಳಿಸುವವರು ಅದನ್ನು ನಲವತ್ತು ಸೆಕೆಂಡಿಗೆ ಇಳಿಸಲು ನೋಡಿ. ಇದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ.

ಗಂಟಲು ಕಟ್ಟಿದೆ. ನಾಳೆ ಸಭೆಯಲ್ಲಿ ಮಾತಾಡಲೇಬೇಕು.

ಇವತ್ತು ಮಾತು ಕಡಿಮೆ ಮಾಡಿ. ಪಿಸುಮಾತಿನಲ್ಲಿ ಆಡಿದರೆ ಗಂಟಲಿಗೆ ವಿಶ್ರಾಂತಿ ಎಂದು ತಿಳಿಯಬೇಡಿ, ಅದರಿಂದಲೂ ಆಯಾಸವಾಗುತ್ತದೆ. ಪದೇ ಪದೇ ಕ್ಯಾಕರಿಸಬೇಡಿ. ಹಾಗೆ ಮಾಡಿದಾಗ ಸ್ವರತಂತುಗಳು ಒಂದಕ್ಕೊಂದು ಬಡಿದು ಇನ್ನಷ್ಟು ಊದುತ್ತವೆ. ಒಂದು ಗುಟುಕು ಬಿಸಿನೀರು ಕುಡಿದು ನುಂಗಿ. ಹಬೆ ತೆಗೆದುಕೊಳ್ಳಿ. ಬೀಡಿ ಸಿಗರೇಟು ಬೇಡ. ದನಿ ಒಡೆದದ್ದು ಮೂರು ವಾರವಾದರೂ ಸರಿಹೋಗದಿದ್ದರೆ ಕಿವಿ ಮೂಗು ಗಂಟಲು ಡಾಕ್ಟರಿಗೆ ತೋರಿಸಲೇಬೇಕು. ಹೊಗೆಸೊಪ್ಪಿನ ಅಭ್ಯಾಸ ಇರುವವರು ಇದನ್ನು ಮುಂದೂಡಲೇಬಾರದು.

ನಾಳೆಗೆ ಒಂದು ಮೈಕ್ ಕೊಡಿ ಎಂದು ಇವತ್ತೇ ಹೇಳಿಡಿ. ಹತ್ತು ನಿಮಿಷದ ಮಾತನ್ನು ನಾಲ್ಕು ನಿಮಿಷಕ್ಕೆ ಇಳಿಸಿ. ಉಳಿದದ್ದನ್ನು ಒಂದು ಹಾಳೆಯಲ್ಲಿ ಬರೆದು, ಜೆರಾಕ್ಸ್ ಮಾಡಿಸಿ ಬಂದವರಿಗೆ ಹಂಚಿ.